ಟಗರಿನ ತೇಗಿಗೆ ಅಜವಾನದ ಮದ್ದು

ಬಿಜ್ಜರಗಿಯ ಕುರಿಗಾರ ಅಮೋಘಿಗೆ ಎಂಬತ್ತು ಕುರಿ, ಒಬ್ಬಳೇ ಮಗಳು. ಎರಡರ ಬಗ್ಗೆಯೂ ಅವನಿಗೆ ಸೊಕ್ಕು ಕೊಂಚ ಜಾಸ್ತಿಯೇ. ಮಗಳು ಮಹಾನಂದಾ ಬಬಲೇಶ್ವರದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಸಂಸಾರ ವಿಜಯಪುರದ ಅಥಣಿ ರಸ್ತೆಯಲ್ಲಿ. ಅವಳು ತವರಿಗೆ ಬಂದಳೆಂದರೆ ಮರಿ ಕೊಯ್ಯಲೇಬೇಕು. ಹೊರಟಾಗ ಸ್ಟೀಲಿನ ಡಬ್ಬಿಗೆ ಮಟನ್ನು ತುಂಬಿ, ಬಸ್ಸಿನ ತನಕ ತಾನೇ ಹಿಡಿದುಕೊಂಡು ಹೋಗಿ ಕೊಡಲೇಬೇಕು. ಬಾಯಿ ಬಿಟ್ಟು ಮುದ್ದು ಮಾಡುವುದು ಅವನಿಗೆ ಬಾರದು. ಇದ್ದ ಮುದ್ದೆಲ್ಲ ಆ ಡಬ್ಬಿಯಲ್ಲೇ ಹೋಗುತ್ತಿತ್ತು.

ಜನವರಿಯ ಒಂದು ಐತವಾರ ಬಂದವಳು ತಾಟಿಗೆ ಕೈ ಅಡ್ಡ ಹಿಡಿದಳು.

"ಯಪ್ಪಾ, ನಾ ಮಾಂಸ ಬಿಟ್ಟೇನಿ."

"ಯಾವ ದೇವರಿಗೆ ಬೇಡ್ಕೊಂಡೀಯವ್ವಾ?"

"ದೇವರಿಗಲ್ಲೋ. ಕುರಿ, ಎಮ್ಮಿ ಮೆಲಕ ಹಾಕಿ ತೇಗತಾವಲ್ಲ, ಆ ತೇಗಿನ್ಯಾಗ ಮಿಥೇನ್ ಅನ್ನೂ ಗಾಳಿ ಇರತೈತಿ. ಅದು ಭೂಮಿಗೆ ಕಂಬಳಿ ಹೊಚ್ಚಿದಂಗ ಸೆಕಿ ಹಿಡಕೋತೈತಿ. ಮಂದಿ ತಿನ್ನಾಕಂತ ಜಗತ್ತಿನ್ಯಾಗ ಎಷ್ಟು ಕೋಟಿ ಸಾಕಾಕತ್ತಾರ ಗೊತ್ತೇನು?"

"ನನ್ನ ಕುರಿ ತೇಗಿದ್ದಕ್ಕ ಬಿಜಾಪುರಕ್ಕ ಬಿಸಿಲ ಹೆಚ್ಚಾತೇನು?" ಎಂದು ಹೆಗಲ ಕಂಬಳಿ ಕೊಡವಿ ಎದ್ದುಬಿಟ್ಟ. ಹೆಂಡತಿ ತಾಯವ್ವ ಬಾಯಿಗೆ ಸೆರಗು ಒತ್ತಿ ನಕ್ಕಳು. ಆದರೆ ಆ ದಿನ ಡಬ್ಬಿ ಗೋಡೆಯ ಮಾಡದಲ್ಲೇ ಬೋರಲಾಗಿ ಉಳಿಯಿತು. ರಾತ್ರಿ ಅಮೋಘಿ ಎರಡು ಸಲ ಎದ್ದು ಅದನ್ನು ನೋಡಿ ಬಂದ.

ಪುಣ್ಯಾತ್ಮ ಸುಮ್ಮನೆ ಕೂತಾನೆಯೇ? ಕುರಿ ತೇಗುತ್ತದೆಂದು ತಾನೆ ಮಗಳು ಬಿಟ್ಟಿದ್ದು! ತೇಗು ನಿಲ್ಲಿಸಿದರೆ ಆಯಿತಲ್ಲ! ಮರುದಿನವೇ ಬಸ್ಸು ಹತ್ತಿ ಗಾಂಧಿ ಚೌಕಿಗೆ ಹೋಗಿ, ಗಿಡಮೂಲಿಕೆ ಮಾರುವ ಮಾಶಾಬಿಯ ಅಂಗಡಿ ಮುಂದೆ ನಿಂತ.

"ಹೊಟ್ಟಿ ಉಬ್ಬರಕ್ಕ, ತೇಗಿಗೆ ಏನರೆ ಕೊಡ್ರಿ."

"ಎಷ್ಟು ಮಂದಿಗ್ರಿ?"

"ಎಂಬತ್ತು."

"ಯಾ ಅಲ್ಲಾ! ಎಲ್ಲಿ ಮದವಿ ಊಟ ಮಾಡಿ ಬಂದಾರ್ರಿ ಅವರು?"

ಅಮೋಘಿ ರೊಕ್ಕ ಎಣಿಸಿ ಕೊಟ್ಟ. ಅರ್ಧ ಚೀಲ ಅಜವಾನ, ಕರಿ ಉಪ್ಪು ತಂದು, ಬೆಲ್ಲದಲ್ಲಿ ಉಂಡೆ ಕಟ್ಟಿ, ಒಂದೊಂದು ಕುರಿಯ ದವಡೆ ಬಿಡಿಸಿ ತುರುಕಿದ. ಆಮೇಲೆ ಟಗರಿನ ಬಾಯಿಗೆ ಕಿವಿ ಹಚ್ಚಿ ಕೂತ.

"ನನಗ ಮೊಣಕಾಲ ನೋವು ಬಂದಾಗ ಒಂದು ಗುಳಿಗಿ ತರಲಿಲ್ಲ ನೀವು," ಎಂದಳು ತಾಯವ್ವ. "ನಾನೂ ತೇಗಬೇಕಿತ್ತು ನೋಡ್ರಿ."

ಮಗಳು ಮತ್ತೆ ಬರುವ ತನಕ ದಿನಾ ಮದ್ದು ನಡೆಯಿತು. ಕುರಿಗಳಿಗೆ ಹಸಿವೆ ಹೆಚ್ಚಾಯಿತು, ಹೊಟ್ಟೆ ಬಿರಿಯುವಂತೆ ಮೇಯತೊಡಗಿದವು. ತೇಗು ಎಷ್ಟಾಯಿತು ಎಂದು ನೀವು ಅವನನ್ನೇ ಕೇಳಬೇಕು.

ಮಾರ್ಚಿನಲ್ಲಿ ಮಗಳು ಬಂದಳು. ಕೈ ಹಿಡಿದು ಹಟ್ಟಿಗೆ ಕರೆದೊಯ್ದ. "ಈಗ ನೋಡವ್ವಾ. ಮದ್ದು ಹಾಕೇನಿ. ಒಂದೂ ತೇಗಂಗಿಲ್ಲ!"

ಮಹಾನಂದಾ ಬಗ್ಗಿದಳು. ಟಗರು ಅವಳ ಮುಖಕ್ಕೇ ಹೊಟ್ಟೆ ತುಂಬ ತೇಗಿತು. ಅಜವಾನದ ವಾಸನೆ ಗಮ್ಮೆಂದಿತು. ಟೀಚರಮ್ಮ ನಕ್ಕು ನಕ್ಕು ನೆಲಕ್ಕೆ ಕೂತಳು. ಅಮೋಘಿ ನಗಲಿಲ್ಲ.

"ಖರೇ ಹೇಳು. ಜಲಮಪೂರ್ತಿ ಕುರಿ ಕಾಯ್ದೆ, ಅದರಾಗ ನಿನಗ ಸಾಲಿ ಕಲಿಸಿದೆ. ನಾ ಮಾಡಿದ್ದೆಲ್ಲ ತಪ್ಪೇನು?"

ಅವಳ ನಗು ನಿಂತಿತು. "ತಪ್ಪು ಅಂತ ನಾ ಯಾವಾಗ ಅಂದೆ ಯಪ್ಪಾ? ನಿನ್ನ ಕುರಿ ಸುಗ್ಗಿ ಮುಗಿದ ಹೊಲದಾಗಿನ ಕೂಳಿ ಮೇಯತಾವ. ಕಾಡು ಕಡಿದು ಮೇವು ಬೆಳದು ಲಕ್ಷಗಟ್ಟಲೆ ಸಾಕಾವ್ರ ಲೆಕ್ಕಾನ ಬ್ಯಾರೆ. ಆದ್ರ ಯಾರ ಕುರೀದಾದ್ರೂ ತೇಗು ತೇಗೇ. ನಿನ್ನ ಮುಂದ ಸುಳ್ಳು ಹೆಂಗ ಹೇಳಲಿ? ನಾ ತಿನ್ನಂಗಿಲ್ಲ."

ಅಮೋಘಿ ತಲೆ ಆಡಿಸಿದ. ಮಗಳಿಗೆ ಹಟ ಯಾರಿಂದ ಬಂದಿದೆ ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ.

ಸಂಜೆ ಬಸ್ಸಿನ ಹತ್ತಿರ ಮತ್ತೆ ಅದೇ ಡಬ್ಬಿ! ಹಿಂದೆ ಹಿಂಡೂ ಬಂದಿತ್ತು. ಮಹಾನಂದಾಳ ಮುಖ ಸಣ್ಣದಾಯಿತು. ಅವನೇ ಮುಚ್ಚಳ ತೆಗೆದ. ಡಬ್ಬಿಯ ತುಂಬ ಹಸಿರು ದ್ರಾಕ್ಷಿ.

"ಶಿವಯೋಗೆಪ್ಪನ ತ್ವಾಟದ್ದು. ಹೋದ ಸಲ ಬಳ್ಳಿ ಕತ್ತರಿಸಿದ ಮ್ಯಾಲ ಹದಿನೈದು ದಿವಸ ನಮ್ಮ ಕುರೀನ ಅಲ್ಲಿ ನಿಲ್ಲಿಸಿದ್ದ. ಹಿಕ್ಕಿ ಗೊಬ್ಬರದಾಗ ಬೆಳದದ್ದು. ಇದೂ ನನ್ನ ಕುರೀದ. ಇದನ್ನೂ ಒಲ್ಲೆ ಅಂದ್ರ ಈಗ ಹೇಳಿಬಿಡು."

ಅವಳು ಡಬ್ಬಿಗೆ ಕೈ ಹಾಕಿದಳು. ಬಾಯಿ ತುಂಬ ದ್ರಾಕ್ಷಿ, ಕಣ್ಣ ತುಂಬ ನೀರು. ಡಬ್ಬಿಯನ್ನು ಎದೆಗೆ ಅವಚಿಕೊಂಡೇ ಬಸ್ಸು ಹತ್ತಿದಳು.

ಬಸ್ಸು ಹೊರಟಿತು. ಅಮೋಘಿಯ ಬೆನ್ನ ಹಿಂದೆ ಟಗರು ಮತ್ತೊಮ್ಮೆ ತೇಗಿತು. ಅವನು ಕಣ್ಣೊರೆಸಿಕೊಳ್ಳುತ್ತ ಗದರಿಸಿದ:

"ಸುಮ್ಮಿರಲೇ! ಬಸ್ಸ ಇನ್ನೂ ದೂರ ಹೋಗಿಲ್ಲ."