ಹೊಸ್ತಿಲ ಮೇಲಿಟ್ಟ ಕಾಲು

ಶಕುನ, ದೆವ್ವ, ಮೈಮೇಲೆ ಬರುವುದು, ಇವನ್ನೆಲ್ಲ ಕಂಡರೆ ನಗುವ ಜಾತಿ ನನ್ನದು. ಹರಪನಹಳ್ಳಿಯಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದಷ್ಟು ಕಾಲವೂ ಯಾರಾದರೂ ವಿಚಿತ್ರ ಅನುಭವ ಹೇಳಲು ಬಾಯಿ ತೆರೆದರೆ, ನಿನ್ನೆ ರಾತ್ರಿ ಏನು ಉಂಡಿದ್ದೆ ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಈಗ ನಾನೇ ಒಂದನ್ನು ಹೇಳಹೊರಟಿದ್ದೇನೆ. ನೀವು ನಕ್ಕರೆ ಬೇಸರವಿಲ್ಲ.

ಲಾತೂರಿನ ಕಡೆ ಭೂಕಂಪವಾಗಿ, ಮಲಗಿದ್ದವರು ಮಲಗಿದ್ದಲ್ಲೇ ಮಣ್ಣಾದ ವರ್ಷ ಅದು. ಮುಂದಿನ ಸರದಿ ನಮ್ಮದು ಎಂಬ ಪುಕಾರು ನಮ್ಮ ಹಳ್ಳಿಗಳಿಗೂ ಹಬ್ಬಿತು. ನೀಲಗುಂದದಲ್ಲಿ ಜನ ಹಾಸಿಗೆ ಸಮೇತ ಅಂಗಳಕ್ಕೆ ಬಂದುಬಿಟ್ಟಿದ್ದರು. ಗಂಗಮ್ಮ ಎಂಬ ಮುದುಕಿಯ ಮನೆಯಲ್ಲಂತೂ ಹಸಿ ಬಾಣಂತಿ ಸೊಸೆ, ಕೂಸನ್ನು ಎದೆಗವಚಿಕೊಂಡು ಇಬ್ಬನಿಯಲ್ಲಿ ಮಲಗುತ್ತಿದ್ದಳು. ನಮ್ಮ ಕಡೆ ಬಾಣಂತಿಗೆ ಗಾಳಿ ಸೋಕಬಾರದೆಂದು ಕಿಟಕಿಗೂ ಗೋಣಿಚೀಲ ಕಟ್ಟುತ್ತಾರೆ. ಅಂಥವಳನ್ನು ಬಯಲಿಗೆ ತಂದಿದ್ದರೆಂದರೆ ಭಯ ಎಷ್ಟಿರಬೇಕು ನೋಡಿ. ಕೂಸಿಗೆ ಕೆಮ್ಮು ಹತ್ತಿ ಎದೆ ಗೊರಗೊರ ಎನ್ನುತ್ತಿತ್ತು. ಆ ಊರಿನ ಗೆಳೆಯನೊಬ್ಬ ಬಂದು, ಜನಕ್ಕೆ ನಾಲ್ಕು ಮಾತು ಹೇಳಿ ಒಳಗೆ ಕಳಿಸು ಎಂದು ನನ್ನನ್ನು ಕರೆದೊಯ್ದ.

ಸಂಜೆ ಗಂಗಮ್ಮನ ಅಂಗಳದಲ್ಲೇ ಸಭೆ. ಮೂರು ಕೋಲು ಕಟ್ಟಿ, ನಡುವೆ ಇಟ್ಟಿಗೆ ತೂಗುಹಾಕಿ, ಅದಕ್ಕೊಂದು ಸ್ಕೆಚ್ ಪೆನ್ನು ಬಿಗಿದು, ತುದಿಯ ಕೆಳಗೆ ಕಾಗದ ಇಟ್ಟೆ. ನೆಲ ಅಲುಗಿದರೆ ಕಾಗದವೂ ಅಲುಗುತ್ತದೆ, ಭಾರದ ಇಟ್ಟಿಗೆ ಮಾತ್ರ ಇದ್ದಲ್ಲೇ ಇರಲು ನೋಡುತ್ತದೆ, ಹಾಗಾಗಿ ಗೆರೆ ಮೂಡುತ್ತದೆ. ಭೂಕಂಪ ಅಳೆಯುವ ಯಂತ್ರದ ಗುಟ್ಟು ಇಷ್ಟೇ ಎಂದೆ. ಜೋಳದ ದಂಟನ್ನು ಬಾಗಿಸಿ ಲಟಕ್ಕನೆ ಮುರಿದು ತೋರಿಸಿದೆ. ಭೂಮಿಯೊಳಗಿನ ಬಂಡೆಯೂ ಒತ್ತಡಕ್ಕೆ ಬಾಗಿ ಬಾಗಿ, ತಾಳದೆ ಒಮ್ಮೆ ಮುರಿದು ಜಾರುತ್ತದೆ, ಆ ಪೆಟ್ಟು ಅಲೆಯಾಗಿ ಹರಡುತ್ತದೆ. ಮೊದಲು ದೂಡುವ ಅಲೆ, ಅದರ ಹಿಂದೆ ನಿಧಾನವಾಗಿ ಅಡ್ಡಡ್ಡ ಅಲುಗಿಸುವ ಅಲೆ. ಮಿಂಚಿಗೂ ಗುಡುಗಿಗೂ ನಡುವಿನ ಹೊತ್ತು ನೋಡಿ ಸಿಡಿಲು ಎಷ್ಟು ದೂರ ಬಿತ್ತು ಎನ್ನುವಂತೆ, ಈ ಎರಡರ ನಡುವಿನ ಅಂತರದಿಂದ ಭೂಕಂಪ ಎಷ್ಟು ದೂರದ್ದೆಂದು ಲೆಕ್ಕ ಹಾಕುತ್ತಾರೆ. ಆದರೆ ಯಾವತ್ತು ಬರುತ್ತದೆಂದು ಜಗತ್ತಿನಲ್ಲಿ ಯಾರೂ ಹೇಳಲಾರರು, ಹೇಳುವವನು ಸುಳ್ಳ ಎಂದು ಮುಗಿಸಿದೆ.

ಜನ ತಲೆದೂಗಿದರು, ಯಾರೂ ಹಾಸಿಗೆ ಎತ್ತಲಿಲ್ಲ. ಗಂಗಮ್ಮ ಮಾತ್ರ ಒಂದು ಚೊಂಬು ನೀರು ತಂದು ಕೈಗಿತ್ತಳು.

"ಕಾಲ್ ತೊಳಕೊಳ್ರಿ ಮೇಷ್ಟ್ರೆ. ಒಳಗ ಬಂದು ಕುಂತು ಊಟ ಮಾಡ್ರಿ. ನೀವು ಉಂಡು ಎದ್ದ ಮ್ಯಾಲ ಕೂಸನ್ನ ಒಳಗ ಒಯ್ತೀನಿ."

ಬಹಳ ಸರಿಯಾದ ಪರೀಕ್ಷೆ. ಹೆಮ್ಮೆಯಿಂದಲೇ ಕಾಲು ತೊಳೆದೆ. ಹೊಸ್ತಿಲು ತುಳಿಯಬಾರದು ಎನ್ನುತ್ತಾರಲ್ಲ, ಅದನ್ನೂ ನಂಬದ ನಾನು ಎಲ್ಲಿ ಹೋದರೂ ಬೇಕೆಂದೇ ತುಳಿಯುತ್ತಿದ್ದೆ. ಅಲ್ಲೂ ತುಳಿದೆ.

ಅಂಗಾಲಿಗೆ ಕೆಳಗಿನಿಂದ ಯಾರೋ ಗುದ್ದಿದಂತಾಯಿತು. ಸ್ವಲ್ಪ ಬಿಡುವು. ಆಮೇಲೆ ಹೊಸ್ತಿಲು ಎಡಕ್ಕೂ ಬಲಕ್ಕೂ ಸರಿದಾಡಿತು. ನಾನು ಆಗಷ್ಟೇ ಹೇಳಿಕೊಟ್ಟ ಕ್ರಮದಲ್ಲೇ. ತಲೆಯ ಮೇಲೆ ಕಲ್ಲು ಹಾಸಿ ಮಣ್ಣು ತುಂಬಿದ ಮಾಳಿಗೆ. ಲಾತೂರಿನ ಕಡೆ ಜನರನ್ನು ಕೊಂದದ್ದು ಇಂಥದೇ ಭಾರ ಎಂಬ ಮಾತನ್ನು ಸಭೆಯಲ್ಲಿ ಹೇಳದೆ ನುಂಗಿಕೊಂಡಿದ್ದೆ. ಕಾಲು ತಾನಾಗಿ ಹಿಂದಕ್ಕೆ ಬಂತು. ತಿರುಗಿ ಇಟ್ಟಿಗೆಯತ್ತ ನೋಡಿದೆ. ಕಾಗದದ ಮೇಲೆ ಪೆನ್ನಿನ ಚುಕ್ಕೆ ಚುಕ್ಕೆಯಾಗಿಯೇ ಇತ್ತು. ಸುತ್ತಲಿದ್ದ ಯಾರಿಗೂ ಏನೂ ಗೊತ್ತಾದಂತಿರಲಿಲ್ಲ.

ಗಂಗಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ನೆಲ ಅಲುಗಿತು ಎಂದರೆ ಆ ಕೂಸು ಮತ್ತೆ ಇಬ್ಬನಿಗೇ. ಅಲುಗಲಿಲ್ಲ ಎಂದು ಒಳಗೆ ಹೋಗೋಣವೆಂದರೆ ಕಾಲು ಸುತರಾಂ ಒಲ್ಲೆ ಎನ್ನುತ್ತಿತ್ತು. ಆಗ ನನ್ನ ಬಾಯಿಂದ ಬಂದದ್ದು ಇದು:

"ಇವತ್ತು ಸೋಮವಾರ ಅಲ್ಲೇನವ್ವ, ನಂದು ಒಪ್ಪತ್ತು. ಮರ್ತೇಬಿಟ್ಟಿದ್ದೆ."

ದೇವರಿಲ್ಲ ಎಂದು ಊರೂರು ಸಾರಿದ ಬಾಯಿ ಅದು. ಮುದುಕಿಯ ಮುಖ ಅರಳಿತು. ನನ್ನನ್ನು ಅಂಗಳದ ಕಟ್ಟೆಯ ಮೇಲೆ ಕೂರಿಸಿ ಬಾಳೆಹಣ್ಣು ತಂದಿಟ್ಟಳು.

"ಶಿವನ ಮ್ಯಾಲ ಇಷ್ಟು ನಿಷ್ಠಿ ಇರೋರು ಸುಳ್ಳು ಹೇಳ್ತಾರೇನ್ರಿ? ನಮಗ ಮೊದ್ಲ ಗೊತ್ತಾಗ್ಲಿಲ್ಲ ನೋಡ್ರಿ."

ಹೀಗೆಂದವಳೇ ಕೂಸನ್ನು ಎತ್ತಿಕೊಂಡು, ಸೊಸೆಯ ಕೈಹಿಡಿದು ಒಳಗೆ ಹೋದಳು. ಅವಳನ್ನು ನೋಡಿ ಉಳಿದವರೂ ಹಾಸಿಗೆ ಸುತ್ತಿದರು. ನನ್ನ ಅರ್ಧ ತಾಸಿನ ವಿಜ್ಞಾನ ಮಾಡದ ಕೆಲಸವನ್ನು ಒಂದು ಸುಳ್ಳು ಮಾಡಿತ್ತು. ನಾನು ತಡೆಯಲಿಲ್ಲ. ಆ ಮಾಳಿಗೆ ನೋಡುತ್ತಾ ಬಾಳೆಹಣ್ಣು ತಿಂದು, ಕೊನೆಯ ಬಸ್ಸಿಗೆ ಊರು ಸೇರಿಕೊಂಡೆ.

ಏನೂ ಬೀಳಲಿಲ್ಲ. ಕೂಸಿನ ಕೆಮ್ಮೂ ಇಳಿಯಿತಂತೆ. ಭೂಕಂಪದ ದಾಖಲೆ ಇಡುವ ಕಡೆ ಪರಿಚಯವಿದ್ದವರನ್ನು ವಿಚಾರಿಸಿದೆ. ಆ ಸಂಜೆ ನಮ್ಮ ಭಾಗದಲ್ಲಿ ಏನೂ ದಾಖಲಾಗಿಲ್ಲ ಎಂದರು. ನರಗಳ ನಿಶ್ಶಕ್ತಿ ಎಂದರು ಡಾಕ್ಟರು. ಇರಬಹುದು. ಆದರೆ ಮೊದಲು ಗುದ್ದು, ಆಮೇಲೆ ಬಿಡುವು, ಆಮೇಲೆ ಓಲಾಟ, ಇಷ್ಟು ಕ್ರಮವಾಗಿ ನರ ನಡುಗುತ್ತದೆಯೇ? ಪಾಠ ಹೇಳಿ ಹೇಳಿ ಮೈಗೂ ಬಾಯಿಪಾಠವಾಗಿತ್ತೇ? ಇಂದಿಗೂ ಬಗೆಹರಿದಿಲ್ಲ. ನನ್ನ ನಾಚಿಕೆ ಅದಕ್ಕಲ್ಲ. ನನ್ನ ಕಾಲು ಹೋಗಲೊಲ್ಲದ ಮನೆಯೊಳಗೆ ಹಸುಗೂಸನ್ನು ಕಳಿಸಿದೆನಲ್ಲ, ಅದಕ್ಕೆ.

ಸೋಮವಾರ ಕೆಲಸಕ್ಕೆಂದು ಹರಪನಹಳ್ಳಿಗೆ ಬಂದ ನೀಲಗುಂದದವರು ನಮ್ಮ ಮನೆಗೆ ಹಣ್ಣು ಹಿಡಿದೇ ಬರತೊಡಗಿದರು. ಅವರೆದುರು ಉಣ್ಣಲಾಗದೆ ಹಿಡಿದ ಒಪ್ಪತ್ತನ್ನು ಈಗ ಅವರು ಬರುವುದು ನಿಂತ ಮೇಲೂ ಬಿಟ್ಟಿಲ್ಲ. ಯಾಕೆಂದು ಮನೆಯವಳು ಕೇಳಿದರೆ ಹೊಟ್ಟೆ ಸರಿಯಿಲ್ಲ ಎನ್ನುತ್ತೇನೆ.