ಒಂದೇ ಕಣ್ಣಿನ ಪಾಪೆ ಅಗಲವಾದಾಗ

"ಅಕ್ಕಾ, ನಿನ್ನ ಬಲಗಣ್ಣು ಯಾಕೆ ಹಂಗಿದೆ?" ಅಂತ ವಾರಗಿತ್ತಿ ಮಂಜುಳಾ ಕೇಳಿದಾಗ ನಾನು ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸುತ್ತಿದ್ದೆ.

ಕನ್ನಡಿ ನೋಡಿಕೊಂಡೆ.

ಎಡಗಣ್ಣಿನ ಪಾಪೆ ರಾಗಿಕಾಳಿನಷ್ಟು. ಬಲಗಣ್ಣಿನದು ಇಡೀ ಕಣ್ಣನ್ನೇ ನುಂಗಿದ ಹಾಗೆ ಅಗಲವಾಗಿತ್ತು. ಹತ್ತಿರದ್ದೆಲ್ಲ ಮಂಜುಮಂಜು.

ಮಂಜುಳಾ ಗೌನಿಪಲ್ಲಿಯವಳು, ಗಾಬರಿಯಾದರೆ ಬಾಯಿಗೆ ಮೊದಲು ತೆಲುಗೇ ಬರುವುದು. "ದೇವುಡಾ! ತಲೇಲಿ ನರ ಒಡೆದ್ರೆ ಹಿಂಗೇ ಆಗೋದಂತೆ, ನಡಿ ಕೋಲಾರಕ್ಕೆ!"

ಸೊಪ್ಪಿಗೆ ಕಾಯುತ್ತಿದ್ದ ರೇಷ್ಮೆಹುಳುಗಳನ್ನು ಹಾಗೇ ಬಿಟ್ಟು ಅವಳ ಸ್ಕೂಟಿ ಹತ್ತಿದೆ. ವಕ್ಕಲೇರಿ ದಾಟುವಾಗ ತಲೆಯಲ್ಲಿ ಇದ್ದದ್ದು ಒಂದೇ. ನಾನು ಹೋದರೆ ನನ್ನ ಮಗಳಿಗೆ ಜಡೆ ಹಾಕುವವರು ಯಾರು?

ಕೋಲಾರದ ಕಣ್ಣಿನ ಡಾಕ್ಟರ್, ನರ ಸರಿಯಿದೆಯಾ ಅಂತ ನೋಡಲು, ತಮ್ಮ ಕೈ ಬಿಗಿಯಾಗಿ ಹಿಡಿಸಿದರು, ಮಾತಾಡಿಸಿದರು. ಸ್ಕ್ಯಾನಿಗೆ ಮುಂಚೆ ಪಾಪೆ ಕುಗ್ಗಿಸುವ ಒಂದು ಡ್ರಾಪ್ಸ್ ಹಾಕಿ ನೋಡೋಣ ಅಂದರು. ಎರಡೂ ಕಣ್ಣಿಗೆ ಹಾಕಿದರು.

ಎಡಗಣ್ಣಿನ ಪಾಪೆ ಸೂಜಿಮೊನೆಯಷ್ಟಾಯಿತು. ಬಲಗಣ್ಣಿನದು ಅಲುಗಾಡಲೇ ಇಲ್ಲ. ನಾನು ಅಳುತ್ತಾ ಕೂತೆ.

ಡಾಕ್ಟರ್ ನಕ್ಕರು! ನನಗೆ ಮೈಯೆಲ್ಲ ಉರಿಯಿತು. ನಾನಿಲ್ಲಿ ಸಾಯುತ್ತಿದ್ದರೆ ಇವರಿಗೆ ನಗುವಾ?

"ನರ ಕೆಟ್ಟಿದ್ರೆ ಈ ಡ್ರಾಪ್ಸಿಗೆ ಪಾಪೆ ಕುಗ್ಗಬೇಕಿತ್ತಮ್ಮ. ಇಲ್ಲೇನೋ ಅಡ್ಡ ಕೂತಿದೆ. ಬೆಳಗ್ಗೆ ಯಾವ ಗಿಡ ಮುಟ್ಟಿದ್ರಿ?"

ಉಮ್ಮತ್ತಿ!

ದತ್ತೂರಿ ಅಂತಾರಲ್ಲ, ಆ ವಿಷದ ಗಿಡ ತೋಟದಲ್ಲಿ ಬೆಳೆದಿತ್ತು. ಸೊಪ್ಪಿನ ಜೊತೆ ಸೇರಿ ಹುಳು ತಿಂದರೆ ಸತ್ತೇಹೋಗುತ್ತವೆ ಅಂತ ಬರಿಗೈಯಲ್ಲೇ ಕಿತ್ತೆಸೆದಿದ್ದೆ. ಅದೇ ಕೈಯಲ್ಲಿ ಬಲಗಣ್ಣಿಗೆ ಇಳಿದ ಬೆವರು ಒರೆಸಿಕೊಂಡಿದ್ದೆ.

ಪಾಪೆ ಕುಗ್ಗಿಸುವ ಸ್ನಾಯುವಿನಲ್ಲಿ ರಿಸೆಪ್ಟರ್ ಅಂತ ಇರುತ್ತವಂತೆ. ನರದಿಂದ ಬಂದ ಕೆಮಿಕಲ್ ಅಲ್ಲಿ ಕೂತರಷ್ಟೇ ಪಾಪೆ ಚಿಕ್ಕದಾಗುವುದು. ನರ ಕೆಟ್ಟಿದ್ದರೂ ಆ ಡ್ರಾಪ್ಸ್ ನೇರವಾಗಿ ಅಲ್ಲೇ ಕೂತು ಅದೇ ಕೆಲಸ ಮಾಡುತ್ತದಂತೆ.

"ಬಸ್ಸಲ್ಲಿ ಟವಲ್ ಹಾಕಿ ಸೀಟ್ ಹಿಡೀತಾರಲ್ಲ, ಹಂಗೆ ಉಮ್ಮತ್ತಿ ರಸ ಆ ಸೀಟ್ ಹಿಡಿದುಬಿಟ್ಟಿದೆ. ತಾನಾಗೇ ಇಳಿಯುತ್ತೆ. ಇಳೀಲಿಲ್ಲ ಅಂದ್ರೆ ಬನ್ನಿ."

ಹುಟ್ಟಿದಾಗಿನಿಂದ ನೋಡಿದ ಗಿಡ! ಒಂದು ತೊಟ್ಟು ರಸ ನನ್ನ ಕಣ್ಣೊಳಗೆ ಹೋಗಿ ನರದ ಮಾತನ್ನೇ ತಡೆಯುತ್ತದೆ ಅಂದರೆ... ಇನ್ನೂ ನಂಬಲಾಗುತ್ತಿಲ್ಲ. ಬಲಗಣ್ಣು ಮುಚ್ಚಿಕೊಂಡೇ ಇದನ್ನು ಟೈಪ್ ಮಾಡುತ್ತಿದ್ದೇನೆ.

ಮನೆಗೆ ಬಂದವಳೇ ಹುಳುಮನೆ ಬಾಗಿಲಲ್ಲಿ ಎಂದಿನಂತೆ ಮೊಣಕೈವರೆಗೂ ಸೋಪು ಹಚ್ಚಿದೆ. ತೊಳೆಯದ ಕೈಯಲ್ಲಿ ಹುಳು ಮುಟ್ಟಿದರೆ ರೋಗ ಬರುತ್ತದೆ, ನಮ್ಮತ್ತೆ ಮೊದಲು ಕಲಿಸಿದ್ದೇ ಅದು. ನೊರೆಗೈ ಹಾಗೇ ನಿಂತಿತು.

ಹುಳು ಮುಟ್ಟುವ ಮುಂಚೆ ಇಷ್ಟು ತೊಳೆಯುವ ನಾವು, ನಮ್ಮ ಕಣ್ಣು ಮುಟ್ಟುವ ಮುಂಚೆ ಯಾವತ್ತಾದರೂ ತೊಳೆದಿದ್ದೀವಾ?