ನೀರಿನ ಬಾಟಲಿಯಲ್ಲಿ ಮಾರಿದ ಆ್ಯಸಿಡ್

‘ಹಾಡಿಯವರು, ಬಾಟಲಿ ಕಂಡರೆ ಎತ್ತಿ ಕುಡಿಯುತ್ತಾರೆ.’ ಗೌರಿಯ ಪ್ರಕರಣದ ಬಗ್ಗೆ ಹುಣಸೂರಿನಲ್ಲಿ ಯಾರನ್ನು ಕೇಳಿದರೂ ಇದೇ ಉತ್ತರ. ಕೋರ್ಟ್ ಕ್ಯಾಂಟೀನಿನಲ್ಲಿ ಹಿರಿಯ ವಕೀಲರೂ ಇದನ್ನೇ ಹೇಳಿ ನಕ್ಕರು. ಸರಿ, ಆ ಬಾಟಲಿಗೆ ಆ್ಯಸಿಡ್ ತುಂಬಿದವರು ಯಾರು? ಅದು ಮಾತ್ರ ಯಾರ ಬಾಯಲ್ಲೂ ಇರಲಿಲ್ಲ.

ನಾನಾಗ ಉಚಿತ ಕಾನೂನು ನೆರವಿನ ವಕೀಲೆ. ವೃತ್ತಿಗೆ ಬಂದು ಎರಡು ವರ್ಷವಾಗಿತ್ತು. ಗೌರಿ ವೀರನಹೊಸಹಳ್ಳಿ ಕಡೆಯ ಕಾಡಂಚಿನ ಆದಿವಾಸಿ ಹಾಡಿಯ ಹೆಣ್ಣುಮಗಳು, ಒಂದು ಹೋಮ್‌ಸ್ಟೇಯಲ್ಲಿ ನೆಲ ಒರೆಸುವ ಕೆಲಸ. ಟೈಲ್ಸ್ ಉಜ್ಜಲು ಆ್ಯಸಿಡ್ ತರುವಂತೆ ಮ್ಯಾನೇಜರ್ ಅವಳನ್ನು ಹುಣಸೂರಿಗೆ ಕಳಿಸಿದ. ಅಲ್ಲಿನ ದಿನಸಿ ಅಂಗಡಿಯ ಶಂಕರಪ್ಪನವರು ಅದನ್ನು ಕುಡಿಯುವ ನೀರಿನ ಹಳೆಯ ಬಾಟಲಿಗೆ ಸುರಿದು ಕೊಟ್ಟರು. ಮೇಲೆ ನೀರಿನ ಕಂಪನಿಯ ಲೇಬಲ್ ಹಾಗೇ ಇತ್ತು. ವಾಪಸು ಬರುವ ಬಸ್ಸಿನಲ್ಲಿ ಗೌರಿ ತನ್ನ ನೀರಿನ ಬಾಟಲಿಯೆಂದು ಅದನ್ನೇ ಎತ್ತಿದಳು. ಒಂದೇ ಗುಟುಕಿಗೆ ಅನ್ನನಾಳ ಸುಟ್ಟುಹೋಯಿತು. ಇಂದಿಗೂ ಹೊಟ್ಟೆಗೆ ಹಾಕಿದ ಟ್ಯೂಬಿನಲ್ಲೇ ಗಂಜಿ. ಆಪರೇಷನ್ ಮಾಡಿಸಲು ಪರಿಹಾರದ ಹಣ ಸಿಗದಿದ್ದರೆ ಮುಂದೆಯೂ ಅದೇ ಗತಿ.

ಕಾನೂನು ಸರಳ. ಆ್ಯಸಿಡ್ ಮಾರಲು ಲೈಸೆನ್ಸ್ ಬೇಕು. ಕೊಳ್ಳುವವರ ಗುರುತಿನ ಚೀಟಿ ನೋಡಬೇಕು. ಹೆಸರು, ವಿಳಾಸ, ಉದ್ದೇಶವನ್ನು ರಿಜಿಸ್ಟರಿನಲ್ಲಿ ಬರೆಯಬೇಕು. ವಿಷ ಎಂಬ ಗುರುತಿಲ್ಲದೆ ಕೊಡಬಾರದು.

ಅಂಗಡಿಗೆ ಹೋದೆ. ಬೆಲ್ಲದ ಪಿಂಡಿಗೆ ಒರಗಿಸಿಟ್ಟ ಆ್ಯಸಿಡ್ ಕ್ಯಾನು, ಪಕ್ಕದಲ್ಲಿ ಬಸ್ ನಿಲ್ದಾಣದಿಂದ ಆಯ್ದು ತಂದ ಬಾಟಲಿಗಳ ಮೂಟೆ.

“ಗಿರಾಕಿ ಬಾಟ್ಲಿ ತರಾದೇ ಬ್ಯಾಡ ಕಣಮ್ಮ, ನಾವೇ ಮಡಗಿರ್ತೀವಿ,” ಎಂದರು ಶಂಕರಪ್ಪನವರು, ಏನೋ ಉಪಕಾರ ಮಾಡಿದವರ ಹಾಗೆ. “ನಮ್ಮಪ್ಪನ ಕಾಲದಿಂದ್ಲೂ ಅಂಗೇಯ.”

“ವಿಷ ಅಂತ ಬರೆಯೋದಿಲ್ವಾ?”

“ಬರುದ್ರೆ ಓದಾರ್ಯಾರು? ಬುಡಿ, ಇದು ನಿಮ್ ಕಾಲೇಜ್ ಡಿಬೇಟಲ್ಲ.”

ಪರಿಹಾರ ಕೇಳಿ ಅವರ ಮೇಲೆ ಹಾಕಿದ ಕೇಸಿನ ವಿಚಾರಣೆಯ ದಿನ ಅವರು ಕೋರ್ಟಿಗೆ ರಿಜಿಸ್ಟರ್ ತಂದಿಟ್ಟರು. ಅದರಲ್ಲಿ ಗೌರಿಯ ಹೆಸರು, ಎದುರಿಗೆ ಉದ್ದೇಶ: ‘ಸ್ವಂತ ಮನೆಯ ಶೌಚಾಲಯ ತೊಳೆಯಲು’. ಇದು ನಿಜವಾದರೆ ಗೌರಿ ತಿಳಿದೇ, ತನಗಾಗಿಯೇ ಕೊಂಡಳು ಎಂದಾಗುತ್ತದೆ. ತಪ್ಪೆಲ್ಲ ಅವಳದೇ ಆಗುತ್ತದೆ.

ಗೌರಿ ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು, “ಅವ್ರು ಎಸ್ರೇ ಕೇಳ್ನಿಲ್ಲ ಕಣಕ್ಕ. ಬುಕ್ಕೂ ತೆಗೀನಿಲ್ಲ.”

ಅವಳ ಹೆಸರು ಅಷ್ಟರಲ್ಲಿ ಪೇಪರಿನಲ್ಲಿ ಬಂದಿತ್ತು; ನೋಡಿ ಬರೆದುಕೊಳ್ಳಲು ಅಷ್ಟೇ ಸಾಕು. ರಿಜಿಸ್ಟರಿನ ಹಿಂದಿನ ಪುಟ ತಿರುವಿದೆ. ಬ್ಯಾಟರಿ ಅಂಗಡಿಯವನೂ ಶೌಚಾಲಯ ತೊಳೆಯಲೆಂದೇ ಕೊಂಡಿದ್ದ, ಅಕ್ಕಸಾಲಿಗನೂ ಅಷ್ಟೇ. ಎಲ್ಲವೂ ಒಂದೇ ಕೈಬರಹ, ಒಂದೇ ಶಾಯಿ, ಒಂದೇ ದಿನ ಕೂತು ಬರೆದ ಹಾಗೆ.

ದಾಖಲೆ ಇಲ್ಲದ ಅಂಗಡಿಗಿಂತ ಎಲ್ಲ ಅಂಕಣವೂ ತುಂಬಿರುವ ಅಂಗಡಿಯನ್ನೇ ಮೊದಲು ಅನುಮಾನಿಸಬೇಕೆಂದು ಈ ಕೇಸು ನನಗೆ ಕಲಿಸಿತು. ವಿಚಾರಣೆ ಇನ್ನೂ ಮುಗಿದಿಲ್ಲ. ಅಂದು ನಾನು ಕೇಳಿದ ಪ್ರಶ್ನೆಯೂ ಕಡತದಲ್ಲಿ ಹಾಗೇ ಇದೆ:

“ಶಂಕರಪ್ಪನವರೇ, ಮೊನ್ನೆ ಗೌರಿಯ ಹಾಡಿಗೆ ಹೋಗಿ ಬಂದೆ. ಅಲ್ಲಿ ಒಂದು ಮನೆಗೂ ಶೌಚಾಲಯವಿಲ್ಲ. ಈ ಉದ್ದೇಶವನ್ನು ನಿಮಗೆ ಹೇಳಿದವರು ಯಾರು?”